ತಖ್ತು ಬಿಟ್ಟು ಹೊರಟ ಬೀದರಿನ ಸುಲ್ತಾನ

ಬೀದರ್ ಬಳಿಯ ಅಷ್ಟೂರಿಗೆ ಹೋದವರು ಅಹ್ಮದ್ ಶಾ ವಲಿಯ ಗೋರಿಯೊಳಗಿನ ಬಣ್ಣದ ಚಿತ್ತಾರ ನೋಡುತ್ತಾರೆ, ಸಿಡಿಲಿಗೆ ಸೀಳಿದ ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟದ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಅಲ್ಲೇ ಸಣ್ಣ ಕೋಣೆಯಂಥ ಒಂದು ಗೋರಿಯೂ ಇದೆ. ಬಹಮನಿ ವಂಶದ ಕೊನೆಯ ಸುಲ್ತಾನ ಕಲೀಮುಲ್ಲಾ ಮಣ್ಣಾಗಿರುವುದು ಅದರಲ್ಲಿ. ಬಗದಲ್ ಸೀಮೆಯ ನಾವು ಬೀದರ್ ಕೋಟೆ ನೋಡುತ್ತಲೇ ಬೆಳೆದವರು. ಆದರೆ ಆ ಕೋಟೆಯ ಒಡೆಯನೊಬ್ಬ ಪರರ ಊರಿನಲ್ಲಿ ಸತ್ತ ಸಂಗತಿಯನ್ನು ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ.

1481ರಲ್ಲಿ ಮಂತ್ರಿ ಮಹಮೂದ್ ಗವಾನನ ಕೊಲೆಯಾದ ಮೇಲೆ ಬಹಮನಿ ರಾಜ್ಯ ಹರಿದು ಹಂಚಿಹೋಯಿತು. ಬೀದರಿನಲ್ಲಿ ಕಾರುಬಾರೆಲ್ಲ ಮಂತ್ರಿ ಅಮೀರ್ ಬರೀದನದು. 1518ರಲ್ಲಿ ಸುಲ್ತಾನ ಮಹಮೂದ್ ಶಾ ತೀರಿಕೊಂಡ ಬಳಿಕ ಹತ್ತು ವರ್ಷ ತುಂಬುವುದರೊಳಗೆ ಮೂವರು ಸುಲ್ತಾನರು ಬಂದು ಹೋದರು. ನಾಲ್ಕನೆಯವನೇ ಕಲೀಮುಲ್ಲಾ.

1526ರಲ್ಲಿ ಬಾಬರ್ ಪಾಣಿಪತ್ ಗೆದ್ದ. ಸುದ್ದಿ ಕೇಳಿದ ಕಲೀಮುಲ್ಲಾ ಗುಟ್ಟಾಗಿ ಒಬ್ಬನನ್ನು ಅವನ ಬಳಿಗೆ ಅಟ್ಟಿದ. ತನ್ನನ್ನು ಅಮೀರ್ ಬರೀದನ ಕಾವಲಿನಿಂದ ಬಿಡಿಸಿದರೆ ಬೇರಾರ್ ಮತ್ತು ದೌಲತಾಬಾದ್ ಕೊಡುವುದಾಗಿ ಹೇಳಿ ಕಳಿಸಿದ ಎಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಅವೆರಡೂ ಆಗಲೇ ಬೇರೆಯವರ ಕೈಯಲ್ಲಿದ್ದವು. ಬಹಮನಿ ಸುಲ್ತಾನರು ಏನು ಬೇಕಾದರೂ ತಮ್ಮ ಅಮೀರರನ್ನೇ ಕೇಳಬೇಕಾದ ಸ್ಥಿತಿಯಲ್ಲಿದ್ದಾರೆಂದು ಬಾಬರನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ದಿಲ್ಲಿಯಿಂದ ನೆರವು ಬರಲಿಲ್ಲ, ಗುಟ್ಟು ಮಾತ್ರ ಬೀದರಿನಲ್ಲಿ ರಟ್ಟಾಯಿತು.

ಹೊರಗಿನವರ ನೆರವು ನಂಬಿದ ಪೋಲೆಂಡಿನ ಡ್ಯೂಕ್ ಎರಡನೇ ವ್ಲಾದಿಸ್ಲಾವನ ಪಾಡೂ ಹೀಗೇ ಇತ್ತು. 1146ರಲ್ಲಿ ತಮ್ಮಂದಿರು ಓಡಿಸಿದಾಗ ಅವನು ಹೆಂಡತಿಯ ಅಣ್ಣನಾದ ಜರ್ಮನ್ ದೊರೆ ಮೂರನೇ ಕಾನ್ರಾಡನನ್ನು ನಂಬಿ ಹೋದ. ಗದ್ದುಗೆ ಮರಳಿ ಸಿಗಲೇ ಇಲ್ಲ, 1159ರಲ್ಲಿ ಪರದೇಶದಲ್ಲೇ ಸತ್ತ. ಆದರೆ 1163ರಲ್ಲಿ ಅವನ ಮಕ್ಕಳಿಗೆ ಸಿಲೇಸಿಯಾ ಪ್ರಾಂತವಾದರೂ ದಕ್ಕಿತು. ಕಲೀಮುಲ್ಲಾನ ವಂಶಕ್ಕೆ ಅಷ್ಟೂ ದಕ್ಕಲಿಲ್ಲ.

ಗುಟ್ಟು ರಟ್ಟಾದ ಮೇಲೆ ಅಮೀರ್ ಬರೀದನ ಭಯಕ್ಕೆ ಕಲೀಮುಲ್ಲಾ ಮೊದಲು ಬಿಜಾಪುರಕ್ಕೆ ಓಡಿದ. ಅಲ್ಲಿನ ದೊರೆ ಇಸ್ಮಾಯಿಲ್ ಆದಿಲ್ ಶಾ ಹಿಡಿದು ಕೂಡಿಹಾಕಬಹುದೆಂಬ ಅನುಮಾನ ಬಂದದ್ದೇ, ಬೆರಳೆಣಿಕೆಯ ಸವಾರರೊಂದಿಗೆ ಅಹ್ಮದ್‌ನಗರದ ದಾರಿ ಹಿಡಿದ.

ಈ ಬದುಕಿನಲ್ಲಿ ನನ್ನನ್ನು ಹೆಚ್ಚು ಕಲಕುವುದು ಅಹ್ಮದ್‌ನಗರದ ದರ್ಬಾರು. ಅಲ್ಲಿನ ದೊರೆ ಬುರ್ಹಾನ್ ನಿಜಾಮ್ ಶಾ ಕಲೀಮುಲ್ಲಾನನ್ನು ಗದ್ದುಗೆಯ ಮೇಲೆ ಕೂರಿಸಿ, ತಾನು ಊಳಿಗದವನಂತೆ ಎದುರಿಗೆ ನಿಂತುಕೊಳ್ಳುತ್ತಿದ್ದನಂತೆ. ಬುರ್ಹಾನನ ಅಜ್ಜ ಮಲಿಕ್ ಹಸನ್ ಬಹಮನಿಗಳ ಗುಲಾಮನಾಗಿ ಬಂದು ಮಂತ್ರಿ ಪದವಿಗೇರಿದವನು. ಅಜ್ಜನ ಧಣಿಗಳ ವಂಶದವನು ಎದುರಿಗಿದ್ದಾಗ ಮೊಮ್ಮಗ ಕೂರುವುದು ಹೇಗೆ? ಈ ಗೌರವದೊಳಗೆ ಲೆಕ್ಕಾಚಾರವೂ ಇತ್ತು. ಕಲೀಮುಲ್ಲಾನ ಹಕ್ಕನ್ನೇ ಮುಂದಿಟ್ಟುಕೊಂಡು ಬೀದರನ್ನು ಕೈವಶ ಮಾಡಿಕೊಳ್ಳಬೇಕೆಂಬುದು ಬುರ್ಹಾನನ ಆಸೆ. ಇದನ್ನು ಒಪ್ಪದವನು ಸಲಹೆಗಾರ ಶಾ ತಾಹಿರ್. ದೊರೆಯೇ ಹೀಗೆ ನಿಂತರೆ ಸರದಾರರು ನಿಜವಾದ ಒಡೆಯ ಯಾರೆಂದು ತಿಳಿದುಕೊಂಡಾರು ಎಂದು ಎಚ್ಚರಿಸಿದ. ಅಲ್ಲಿಂದಾಚೆಗೆ ಕಲೀಮುಲ್ಲಾನಿಗೆ ದರ್ಬಾರಿನ ಕರೆ ನಿಂತುಹೋಯಿತು. ಅಟ್ಟಲಿಲ್ಲ, ಅವಮಾನಿಸಲಿಲ್ಲ, ಕರೆಯುವುದನ್ನಷ್ಟೇ ಬಿಟ್ಟರು. ಬರೀದನ ಕಾವಲಿಗಿಂತ ಇದು ಕಠೋರವಾಗಿತ್ತೆಂದೇ ನನಗೆ ತೋರುತ್ತದೆ.

ಕೊನೆಗೆ ಅಲ್ಲಿಯೇ ಸತ್ತ. ಶವವನ್ನು ಬೀದರಿಗೆ ತಂದು ಹಿರೀಕರ ಮಗ್ಗುಲಲ್ಲಿ ಮಣ್ಣು ಮಾಡಿದರು. ಅವನಿಲ್ಲದ ಊರಿನಲ್ಲಿ ಅವನ ಹೆಸರಿನ ನಾಣ್ಯ ಮಾತ್ರ ನಡೆದೇ ಇತ್ತು. ಓಡಿಸಿದ ಅಮೀರ್ ಬರೀದನೂ 1542ರಲ್ಲಿ ಸಾಯುವವರೆಗೆ ತಾನೇ ಶಾ ಎಂದು ಹೇಳಿಕೊಳ್ಳಲಿಲ್ಲ. ಆ ಬಿರುದು ಧರಿಸಿದವನು ಅವನ ಮಗ ಅಲಿ ಬರೀದ್.