ಪಾಪದ ಶಿಕ್ಷೆಗೆ ರಿಯಾಯಿತಿ ಚೀಟಿ!
ಈ ಚೀಟಿ ನೋಡಿ. ಎಲ್ಲಾ ಅಚ್ಚಾಗಿದೆ, ಹೆಸರು, ತಾರೀಕಿನ ಜಾಗ ಮಾತ್ರ ಖಾಲಿ. ದುಡ್ಡು ಕೊಟ್ಟರೆ ಕ್ಯಾಥೊಲಿಕ್ ಚರ್ಚಿನವರು ನಿಮ್ಮ ಹೆಸರು ಬರೆದು ಕೊಡ್ತಿದ್ದರು. ಸಿಗ್ತಿದ್ದದ್ದು? ಪಾಪದ ಶಿಕ್ಷೆಯಲ್ಲಿ ರಿಯಾಯಿತಿ! ಸತ್ತ ಅಪ್ಪ ಅಮ್ಮನ ಹೆಸರಲ್ಲೂ ಕೊಳ್ಳಬಹುದಿತ್ತು.

ಜರ್ಮನಿಯಲ್ಲಿ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಇದನ್ನು ಮಾರಿಸಿದ. ಅರ್ಧ ದುಡ್ಡು ರೋಮಿನ ಸಂತ ಪೀಟರ್ ಚರ್ಚ್ ಕಟ್ಟೋಕೆ. ಇನ್ನರ್ಧ? ಫುಗ್ಗರ್ ಸಾಹುಕಾರರ ಸಾಲಕ್ಕೆ. ಆ ಸಾಲ ಮಾಡಿದ್ದೇ ಆರ್ಚ್‌ಬಿಷಪ್ ಪದವಿ ಗಿಟ್ಟಿಸೋಕೆ!

1517ರಲ್ಲಿ ಮಾರ್ಟಿನ್ ಲೂಥರ್ ಎಂಬ ಸನ್ಯಾಸಿ 95 ಅಂಶ ಬರೆದು ಇದನ್ನು ಪ್ರಶ್ನಿಸಿದ. ಅವನ್ನು ಚರ್ಚ್ ಬಾಗಿಲಿಗೆ ಮೊಳೆ ಹೊಡೆದು ಹಾಕಿದನೋ ಇಲ್ಲವೋ, ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ, ಬಿಡಿ. ಅಲ್ಲಿಂದ ಶುರುವಾದ ವಿವಾದದಲ್ಲಿ ಪಶ್ಚಿಮ ಯುರೋಪಿನ ಚರ್ಚ್ ಅಂತೂ ಒಡೆಯಿತು, ಪ್ರೊಟೆಸ್ಟಂಟರು ಹುಟ್ಟಿದರು.

1567ರಲ್ಲಿ ಪೋಪ್ ಐದನೇ ಪಯಸ್ ಈ ಚೀಟಿಯ ದುಡ್ಡಿನ ವ್ಯವಹಾರ ರದ್ದು ಮಾಡಿದರು. ಕ್ಯಾಥೊಲಿಕರಲ್ಲಿ ಈ ರಿಯಾಯಿತಿ ಇಂದಿಗೂ ಉಂಟು, ಮಾರುವಂತಿಲ್ಲ ಅಷ್ಟೇ.