ಓಡಿದ ಮೇಲೆ ಊದಿಸಿ ನೋಡಿ

ಖೋ-ಖೋ ಆಡುವಾಗ ಚೆನ್ನಾಗಿಯೇ ಓಡಿದ ಮಗು, ಆಟ ಮುಗಿದು ಐದಾರು ನಿಮಿಷಕ್ಕೆ ಕೆಮ್ಮತೊಡಗುತ್ತದೆ; ಎದೆಯಲ್ಲಿ ಸುಂಯ್ ಎನ್ನುವ ಸದ್ದು. ಮರುದಿನ ಆಸ್ಪತ್ರೆಯಲ್ಲಿ ಸ್ಪೈರೋಮೀಟರ್‌ಗೆ ಊದಿಸಿದರೆ ವರದಿ ‘ನಾರ್ಮಲ್’. ಯಂತ್ರ ಸರಿಯಾಗಿಯೇ ಅಳೆದಿದೆ, ಅಳೆದ ಹೊತ್ತು ಮಾತ್ರ ತಪ್ಪು. ಜೋರಾಗಿ ಓಡುವಾಗ ಮಕ್ಕಳು ಬಾಯಿಂದ ಉಸಿರೆಳೆಯುತ್ತಾರೆ. ಮೂಗಿನಲ್ಲಿ ಬೆಚ್ಚಗಾಗಿ, ತೇವಗೊಂಡು ಇಳಿಯಬೇಕಿದ್ದ ಗಾಳಿ ಒಣಗಾಳಿಯಾಗಿಯೇ ಒಳಗೆ ನುಗ್ಗುತ್ತದೆ. ಶ್ವಾಸನಾಳದ ಒಳಮೈಯ ನೀರು ಆರಿ, ಉಳಿದ ದ್ರವದಲ್ಲಿ ಉಪ್ಪಿನಂಶ ಸಾಂದ್ರವಾಗುತ್ತದೆ. ಅಲ್ಲಿನ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೀನ್‌ಗಳನ್ನು ಹೊರಬಿಡುತ್ತವೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಓಟ ನಿಂತ 5-10 ನಿಮಿಷಕ್ಕೆ ಸಾಮಾನ್ಯವಾಗಿ ತುದಿಗೇರುವ ಈ ಬಿಗಿತ, ಅರ್ಧ-ಒಂದು ಗಂಟೆಯಲ್ಲಿ ತಾನೇ ಸಡಿಲುತ್ತದೆ.

ಅದಕ್ಕೇ ಪರೀಕ್ಷೆಯೂ ಓಡಿಸಿಯೇ ನಡೆಯಬೇಕು. ಮೊದಲು ಊದಿಸಿ, ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತೆಂದು ಬರೆದಿಟ್ಟುಕೊಳ್ಳುತ್ತಾರೆ. ಈ ಅಳತೆಯೇ ತೀರಾ ಕಡಿಮೆಯಿದ್ದರೆ ಓಡಿಸುವುದಿಲ್ಲ. ಮೂಗಿಗೆ ಕ್ಲಿಪ್ ಹಾಕಿ ಟ್ರೆಡ್‌ಮಿಲ್ ಮೇಲೆ 6ರಿಂದ 8 ನಿಮಿಷ ಓಟ. ಎದೆಬಡಿತ ಗರಿಷ್ಠದ ಶೇ. 80-90ಕ್ಕೆ ಬೇಗ ಏರಬೇಕು. ಆಮೇಲೆ 5, 10, 15, 30ನೇ ನಿಮಿಷಗಳಲ್ಲಿ ಮತ್ತೆ ಊದಿಸುತ್ತಾರೆ. ಅಳತೆ ಶೇ. 10ರಷ್ಟು ಕುಸಿದರೂ ಲೆಕ್ಕಕ್ಕೆ ಬರುತ್ತದೆ. ಮಕ್ಕಳಲ್ಲಿ ಇನ್ನೂ ಹೆಚ್ಚಿನ ಕುಸಿತ ಕೇಳುವ ವೈದ್ಯರೂ ಇದ್ದಾರೆ. ಬಿಗಿತ ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಕೈಯಳತೆಯಲ್ಲೇ ಇರುತ್ತದೆ.

ಇಷ್ಟೆಲ್ಲ ಯಾಕೆ, ಆಟಕ್ಕೆ ಮುಂಚೆ ಇನ್‌ಹೇಲರ್ ಕೊಟ್ಟು ನೋಡಿದರಾಗದೇ ಎಂದು ಕೇಳಬಹುದು. ಅಸ್ತಮಾ ಖಚಿತವಿದ್ದು ಲಕ್ಷಣಗಳೂ ಸ್ಪಷ್ಟವಿದ್ದರೆ ಅದು ಸರಿಯಾದ ದಾರಿಯೇ. ಆದರೆ ಓಡಿದಾಗ ಏದುಸಿರು ಬರುವ ಮಕ್ಕಳಿಗೆಲ್ಲ ಶ್ವಾಸನಾಳ ಬಿಗಿದಿರುವುದಿಲ್ಲ. ಕೆಲವರಿಗೆ ಅಭ್ಯಾಸ ಸಾಲದು. ಇನ್ನು ಕೆಲವರಿಗೆ ಓಟದ ಭರದಲ್ಲೇ ಧ್ವನಿಪೆಟ್ಟಿಗೆ ಕಿರಿದಾಗಿ, ಉಸಿರೆಳೆಯುವಾಗ ಗೊರಗೊರ ಸದ್ದು ಬಂದು, ನಿಂತೊಡನೆ ಇಳಿಯುತ್ತದೆ. ಇವರಿಗೆ ಇನ್‌ಹೇಲರ್ ವ್ಯರ್ಥ. ಇದಕ್ಕೆ ವಿರುದ್ಧವಾಗಿ, ಪಿ.ಟಿ. ಪೀರಿಯಡ್‌ನಲ್ಲಿ ಮೂಲೆ ಹಿಡಿದು ಕೂರುವುದೇ ರೂಢಿಯಾಗಿ ‘ಏನೂ ಆಗಲ್ಲ’ ಎನ್ನುವ ಮಗುವೂ ಇದೆ. ನನಗೆ ಹೆಚ್ಚು ಚಿಂತೆಯಿರುವುದು ಈ ಮಗುವಿನ ಬಗ್ಗೆಯೇ. ಗುರುತಿಸಿದರೆ ಅದು ಆಟ ಬಿಡಬೇಕಿಲ್ಲ: 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋದ ಅಮೆರಿಕದ 597 ಕ್ರೀಡಾಪಟುಗಳಲ್ಲಿ 67 ಮಂದಿಗೆ ಶ್ವಾಸನಾಳ ಬಿಗಿಯುವ ಇದೇ ತೊಂದರೆಯಿತ್ತು. ಮೊದಲೇ ಗುರುತಿಸಿ ಚಿಕಿತ್ಸೆ ಕೊಟ್ಟಿದ್ದರಿಂದ ಅವರಲ್ಲಿ ಎಷ್ಟೋ ಮಂದಿ ಪದಕ ಗೆದ್ದರು.

ತಾಲ್ಲೂಕು ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ವೈದ್ಯರ ಕಣ್ಣೆದುರು ಮೈದಾನದಲ್ಲೇ ಓಡಿಸಿ, ಅಗ್ಗದ ಪೀಕ್ ಫ್ಲೋ ಮೀಟರ್‌ಗೆ ಮುಂಚೆ-ಆಮೇಲೆ ಊದಿಸಬಹುದು. ನಿಖರತೆ ಕಡಿಮೆ, ಮೇಲಾಗಿ ಹವೆಯನ್ನೂ ಗಮನಿಸಬೇಕು: ಮಂಗಳೂರಿನ ಮಳೆಗಾಲದ ತೇವದಲ್ಲಿ ಕುಸಿಯದ ಉಸಿರು ವಿಜಯಪುರದ ಡಿಸೆಂಬರ್ ಬೆಳಗಿನ ಒಣಚಳಿಯಲ್ಲಿ ಕುಸಿಯಬಹುದು. ಹಾಗೆಯೇ ಬೆಳಿಗ್ಗೆ ಎಳೆದ ಸಾಲ್ಬುಟಮಾಲ್ ಬಿಗಿತವನ್ನು ಮರೆಮಾಡುವುದರಿಂದ, ವೈದ್ಯರನ್ನು ಕೇಳಿಕೊಂಡು ಪರೀಕ್ಷೆಗೆ 8 ಗಂಟೆ ಮುಂಚೆಯೇ ಅದನ್ನು ನಿಲ್ಲಿಸಿರಬೇಕು.