ದೂರದ ಚಂದ್ರರ ಋತುಗಳು

ಭೂಮಿಯ ಅಕ್ಷವು ಸುಮಾರು ೨೩½ ಅಂಶ ಓರೆಯಾಗಿರುವುದರಿಂದಲೇ ನಮಗೆ ಬೇಸಗೆ ಚಳಿಗಾಲಗಳುಂಟೆಂಬುದನ್ನು ವಾಚಕರು ಬಲ್ಲರು. ಅನ್ಯ ಗ್ರಹಗಳನ್ನು ಸುತ್ತುವ ಚಂದ್ರರಲ್ಲಿ ಋತುಗಳು ಹೇಗಿರಬಹುದು?

ಗ್ರಹಕ್ಕೆ ಸಮೀಪವಾಗಿ ಸುತ್ತುವ ಚಂದ್ರನು ಅದರ ಸೆಳೆತಕ್ಕೆ ಸಿಕ್ಕಿ, ಸಾಮಾನ್ಯವಾಗಿ ಗ್ರಹದ ಓರೆಯನ್ನೇ ತನ್ನದಾಗಿ ಮಾಡಿಕೊಳ್ಳುವನು. ಶನಿಯ ಓರೆ ಸುಮಾರು ೨೭ ಅಂಶ. ಅದರ ದೊಡ್ಡ ಚಂದ್ರನಾದ ಟೈಟನ್ನಿನದೂ ಹೆಚ್ಚು ಕಡಮೆ ಅಷ್ಟೇ. ಶನಿಯ ವರ್ಷವು ನಮ್ಮ ೨೯½ ವರ್ಷಗಳಾದುದರಿಂದ ಅಲ್ಲಿಯ ಒಂದೊಂದು ಋತುವೂ ಏಳು ವರ್ಷ ಮೀರುವುದು. ಯುರೇನಸ್ಸಿನ ಅವಸ್ಥೆಯಂತೂ ವಿಚಿತ್ರ. ಅದು ೯೮ ಅಂಶ ಓರೆಯಾಗಿ, ಮಲಗಿಕೊಂಡೇ ಉರುಳುವುದು. ಅದರ ದೊಡ್ಡ ಚಂದ್ರರ ಧ್ರುವಗಳಲ್ಲಿ ಸುಮಾರು ೪೨ ವರ್ಷ ಹಗಲು, ೪೨ ವರ್ಷ ಇರುಳು. ಅಂಥ ಕಡೆ ಸೂರ್ಯನು ಹತ್ತಿರವಿದ್ದರೂ ಪೈರು ಬೆಳೆಯುವುದೆಂತು? ಚಂದ್ರನಲ್ಲಿ ಜೀವವು ಬಾಳುವುದು ತಾಯಿಗ್ರಹದ ನಿಲುವನ್ನೂ ಅವಲಂಬಿಸಿದೆ.

ಆ ನಿಲುವಾದರೋ ಶಾಶ್ವತವಲ್ಲ. ಗ್ರಹದ ಅಕ್ಷವು ಬುಗುರಿಯಂತೆ ಮೆಲ್ಲನೆ ತೂಗುತ್ತ ಸುತ್ತುವುದು; ಭೂಮಿಯ ಅಕ್ಷಕ್ಕೆ ಇಂಥ ಒಂದು ಸುತ್ತಿಗೆ ಸುಮಾರು ೨೬,೦೦೦ ವರ್ಷ ಬೇಕು. (ನಮ್ಮ ಮಕರ ಸಂಕ್ರಾಂತಿಯು ನಿಜವಾದ ಉತ್ತರಾಯಣಾರಂಭಕ್ಕಿಂತ ಮೂರು ವಾರಕ್ಕೂ ಹೆಚ್ಚು ತಡವಾಗಿ ಬರುವುದು ಇದರಿಂದಲೇ.) ಇತರ ಗ್ರಹಗಳ ಸೆಳೆತದಿಂದ ಕಕ್ಷೆಯೂ ಓಲಾಡುವುದು. ಈ ಎರಡು ಓಲಾಟಗಳ ತಾಳ ಕೂಡಿತೆಂದರೆ, ತೊಟ್ಟಿಲನ್ನು ಸರಿಯಾದ ಹೊತ್ತಿಗೆ ನೂಕಿದಂತಾಗಿ, ಓರೆಯು ಬೆಳೆಯತೊಡಗುವುದು. ಮಂಗಳನ ಓರೆಯು ಕಾಲಕ್ರಮದಲ್ಲಿ ಸೊನ್ನೆಯಿಂದ ೬೦ ಅಂಶದವರೆಗೆ ತೂಗಾಡಬಲ್ಲುದೆಂದು ೧೯೯೩ರಲ್ಲಿ ಫ್ರಾನ್ಸಿನ ಲಾಸ್ಕರ್ ಮೊದಲಾದವರು ಗಣಿಸಿ ತೋರಿಸಿದರು.

ಐನ್‌ಸ್ಟೀನರ ಸಾಪೇಕ್ಷತಾವಾದವು ಕೈಯಿಡುವುದು ಕಕ್ಷೆಯ ಈ ನಡೆಯಲ್ಲಿ. ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪವಾದ ಬಿಂದುವು, ನ್ಯೂಟನ್ನರ ನಿಯಮಕ್ಕೆ ಎಟುಕದಂತೆ, ಶತಮಾನಕ್ಕೆ ೪೩ ವಿಕಲೆ ಹೆಚ್ಚಾಗಿ ಸರಿಯುತ್ತಿತ್ತು. ೧೯೧೫ರಲ್ಲಿ ಅದಕ್ಕೆ ಕಾರಣ ಹೇಳಿದವರು ಅವರು. ಒಂದು ಅಂಶದ ೩,೬೦೦ನೆಯ ಪಾಲು ಒಂದು ವಿಕಲೆ, ಇದೆಷ್ಟು ಅಲ್ಪ! ಆದರೂ ೨೦೦೯ರಲ್ಲಿ ಲಾಸ್ಕರ್ ಮತ್ತು ಗಾಸ್ಟಿನೋ ಎಂಬವರು ಮುಂದಿನ ೫೦೦ ಕೋಟಿ ವರ್ಷಗಳನ್ನು ಗಣಿಸಿದಾಗ, ಬುಧನ ಕಕ್ಷೆಯು ವಿಪರೀತ ನೀಳವಾಗುವ ಸಂಭವ ಸುಮಾರು ನೂರಕ್ಕೆ ೧ ಎಂದೂ, ಸಾಪೇಕ್ಷತೆಯನ್ನು ಬಿಟ್ಟರೆ ನೂರಕ್ಕೆ ೬೦ ಎಂದೂ ಕಂಡಿತು. ಆ ಅಲ್ಪವೇ ಬುಧನ ತಾಳವು ಗುರುವಿನ ತಾಳದೊಡನೆ ಕೂಡದಂತೆ ಕಾಯುತ್ತಿದೆ. ಕಕ್ಷೆಯು ಕೆಟ್ಟ ಗ್ರಹದಲ್ಲಿ ಶಾಖವು ಒಂದೇ ಸಮನಾಗಿರದು. ಅಕ್ಷದ ತಾಳವೂ ಬದಲಾಗುವುದು.

ನಕ್ಷತ್ರಕ್ಕೆ ಹತ್ತಿರವಾದಷ್ಟೂ ಈ ಪರಿಣಾಮ ಪ್ರಬಲ. ೨೦೧೬ರಲ್ಲಿ ಗೊತ್ತಾದ ಪ್ರಾಕ್ಸಿಮಾ ಬಿ ಎಂಬ ಗ್ರಹವು ತನ್ನ ಪುಟ್ಟ ಕೆಂಪು ನಕ್ಷತ್ರವನ್ನು ೧೧ ದಿನಕ್ಕೊಮ್ಮೆ ಸುತ್ತುವುದು. ನಾವು ಲೆಕ್ಕ ಹಾಕಿ ನೋಡಲು, ಅಲ್ಲಿ ಇದು ಶತಮಾನಕ್ಕೆ ಸುಮಾರು ೩೦೦ ವಿಕಲೆಯಾಗುವುದು. ಆದರೆ ತೊಡಕು ಇಲ್ಲಿಯೇ ಇದೆ. ಅಷ್ಟು ಹತ್ತಿರದಲ್ಲಿ ನಕ್ಷತ್ರದ ಸೆಳೆತವೇ ಮೇಲಾಗಿ, ಗ್ರಹದ ಬಳಿ ಚಂದ್ರನು ಬಹುಕಾಲ ಉಳಿಯುವುದು ಕಷ್ಟ. ಚಂದ್ರರು ನಿರಾತಂಕವಾಗಿರುವ ದೂರದಲ್ಲಿಯೋ ಸಾಪೇಕ್ಷತೆಯ ಕೈ ಬಲು ಮೃದು. ಭೂಮಿಗೆ ಅದು ಶತಮಾನಕ್ಕೆ ೪ ವಿಕಲೆಯೂ ಇಲ್ಲ. ಅಲ್ಲಿ ಅದು ಲೆಕ್ಕಕ್ಕೆ ಬರುವುದು ಎರಡು ತಾಳಗಳು ಮೊದಲೇ ಕೂಡುವಂತಿದ್ದಾಗ ಮಾತ್ರ.

ಅನ್ಯ ನಕ್ಷತ್ರಗಳ ಬಳಿ ಇಂಥ ಚಂದ್ರನೊಬ್ಬನೂ ಇನ್ನೂ ನಿಸ್ಸಂದೇಹವಾಗಿ ಸಿಕ್ಕಿಲ್ಲ. ಕೆಪ್ಲರ್-೧೬೨೫ ಎಂಬ ನಕ್ಷತ್ರದ ಗ್ರಹಕ್ಕೆ ನೆಪ್ಚೂನಿನಷ್ಟು ದೊಡ್ಡ ಚಂದ್ರನುಂಟೆಂದು ೨೦೧೮ರಲ್ಲಿ ಇಬ್ಬರು ಸೂಚಿಸಿದರು. ೨೦೨೩ರಲ್ಲಿ ಮತ್ತಿಬ್ಬರು ಅದೇ ಬೆಳಕಿನ ಅಳತೆಗಳನ್ನು ಪರಿಶೀಲಿಸಿ, ಚಂದ್ರನಿರುವುದು ಸಂಭವವಲ್ಲವೆಂದರು.